ರೀಶಿ ಕ್ಯಾಪ್ಸೂಲ್ ತಗೊಂಡ್ರೆ ಶುಗರ್ ಇಳಿಯುತ್ತಾ ಡಾಕ್ಟ್ರೇ?

ತರೀಕೆರೆ ಕಡೆಯ ಯಜಮಾನ್ರೊಬ್ರು ಚಿಕ್ಕಮಗಳೂರಿನ ನಮ್ಮ ಕ್ಲಿನಿಕ್ಕಿಗೆ ವರ್ಷಗಳಿಂದ ಬರ್ತಾರೆ, ಅಡಿಕೆ ತೋಟ ಇರೋರು, ಎಂಟೊಂಬತ್ತು ವರ್ಷದ ಶುಗರ್ರು, ಬೆಳಿಗ್ಗೆ ಒಂದು ರಾತ್ರಿ ಒಂದು ಮೆಟ್‌ಫಾರ್ಮಿನ್ ನುಂಗ್ಕೊಂಡು ಆರಾಮಾಗೇ ಇದ್ರು. ಈ ಸಲ ಎಚ್‌ಬಿಎ1ಸಿ, ಅಂದ್ರೆ ಮೂರು ತಿಂಗಳ ಸರಾಸರಿ ಶುಗರ್ ಹೇಳೋ ರಕ್ತ ಪರೀಕ್ಷೆ, ನೋಡಿದ್ರೆ 9.4, ಹಿಂದಿನ ಸಲ 7.1 ಇತ್ತು. ಏನ್ ಯಜಮಾನ್ರೇ, ಮದುವೆ ಊಟ ಜಾಸ್ತಿ ಆಯ್ತಾ ಅಂದೆ. ಅವರು ಏನೂ ಹೇಳ್ದೆ ಕೈಚೀಲದಿಂದ ಒಂದು ಬಾಟಲಿ ತೆಗೆದು ಟೇಬಲ್ ಮೇಲಿಟ್ರು. ರೀಶಿ ಮಶ್ರೂಮ್ ಕ್ಯಾಪ್ಸೂಲ್, ತಿಂಗಳಿಗೆ ಎರಡೂವರೆ ಸಾವಿರ. ಅಳಿಯನ ಸ್ನೇಹಿತ ಯಾರೋ ಕೊಟ್ಟಿದ್ದಂತೆ, ಇಂಗ್ಲಿಷ್ ಮಾತ್ರೆ ಕಿಡ್ನಿ ತಿಂದುಹಾಕುತ್ತೆ ಇದಾದ್ರೆ ನ್ಯಾಚುರಲ್ಲು, ವಿಜ್ಞಾನಿಗಳೇ ಪ್ರೂವ್ ಮಾಡಿದಾರೆ ಅಂದನಂತೆ, ಇವರು ಮೂರು ತಿಂಗಳಿಂದ ಮೆಟ್‌ಫಾರ್ಮಿನ್ ಬಂದ್ ಮಾಡಿ ಕೂತಿದಾರೆ.

ಬಾಟಲಿ ಮೇಲೆ ಕೆಂಗಂದು ಬಣ್ಣದ, ವಾರ್ನಿಶ್ ಹೊಡೆದ ಹಾಗೆ ಮಿಂಚೋ ಅಣಬೆ ಚಿತ್ರ ಇತ್ತು. ಇದನ್ನ ಎಲ್ಲಾದ್ರೂ ನೋಡಿದೀರಾ ಅಂತ ಕೇಳಿದೆ. ಕನ್ನಡಕ ಹಾಕ್ಕೊಂಡು ನೋಡಿ, ಅಯ್ಯೋ ಸಾರ್ ಇದು ಅಣಬೆ ರೋಗದ್ದಲ್ವಾ ಅಂದ್ರು. ಹೌದು, ಅದೇ. ಅಡಿಕೆ ಮರದ ಬುಡದಲ್ಲಿ ಎದ್ದು ಇಡೀ ಮರ ಕೊಲ್ಲೋ ಗ್ಯಾನೋಡರ್ಮಾ, ಅರಸೀಕೆರೆ ಕಡೆ ತೆಂಗಿಗೂ ಬರುತ್ತೆ. ಚೀನಾದವರ ಲಿಂಗ್‌ಝಿ, ಜಪಾನಿನವರ ರೀಶಿ ಅದೇ ಕುಲದ್ದು. ಮರ ಕೊಲ್ಲುತ್ತೆ ಅಂತ ಮನುಷ್ಯರಿಗೂ ಕೆಟ್ಟದ್ದು ಅಂತೇನಿಲ್ಲ, ಆದ್ರೆ ಜಾಹೀರಾತಿನ ಹಿಮಾಲಯದ ಮಂಜು ಅವರ ತಲೆಯಿಂದ ಇಳಿದಿದ್ದು ಆ ಕ್ಷಣ.

ಸರಿ, ಪ್ರೂವ್ ಆಗಿದೆ ಅಂತಾರಲ್ಲ, ಏನು ಪ್ರೂವ್ ಆಗಿದೆ? ಈ ಅಣಬೆಯಲ್ಲಿ ಮುಖ್ಯವಾಗಿ ಎರಡು ಬಗೆ ವಸ್ತು ಇದೆ, ಒಂದು ಬೀಟಾ ಗ್ಲೂಕಾನ್ ಅನ್ನೋ ನಾರಿನಂಥ ಸಕ್ಕರೆ ಸರಪಳಿ, ಇನ್ನೊಂದು ಟ್ರೈಟರ್ಪೀನ್, ಕಹಿ ಬರೋದು ಇದರಿಂದಲೇ. ಬೀಟಾ ಗ್ಲೂಕಾನ್ ನಮ್ಮ ರೋಗನಿರೋಧಕ ಕಣಗಳ ಮೇಲಿರೋ ಡೆಕ್ಟಿನ್-1 ಅನ್ನೋ ಕೊಕ್ಕೆಗೆ ಸಿಕ್ಕಿಕೊಳ್ಳುತ್ತೆ, ಕಣಗಳು ಎಚ್ಚರ ಆಗ್ತವೆ. ಇದು ನಿಜ, ಸುಳ್ಳಲ್ಲ. ಆದ್ರೆ ಇಂಥ ಪ್ರಯೋಗಗಳಲ್ಲಿ ಬಹುಪಾಲು ಲ್ಯಾಬಿನ ಗಾಜಿನ ತಟ್ಟೆಯಲ್ಲೋ ಇಲಿಯಲ್ಲೋ ಆಗಿರೋದು. ತಟ್ಟೆಯಲ್ಲಿರೋ ಕ್ಯಾನ್ಸರ್ ಕಣದ ಮೇಲೆ ನಾನು ಅರಿಶಿನ, ವಿನೆಗರ್, ಬ್ಲೀಚಿಂಗ್ ಪೌಡರ್ ಏನು ಸುರಿದ್ರೂ ಸಾಯಬಹುದು, ಹಾಗಂತ ಬ್ಲೀಚಿಂಗ್ ಪೌಡರ್ ಕುಡೀರಿ ಅನ್ನಲ್ವಲ್ಲ.

ಶುಗರ್ ವಿಷಯಕ್ಕೆ ಮನುಷ್ಯರ ಮೇಲೇ ಮಾಡಿದ ಟ್ರಯಲ್ ಇದೆ. 2016ರಲ್ಲಿ ಪ್ರಕಟ ಆಗಿದ್ದು, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮಾಡಿದ್ದು. ಶುಗರ್ ಮತ್ತು ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆ ಬೊಜ್ಜು, ಬಿಪಿ, ಶುಗರ್, ರಕ್ತದ ಕೊಬ್ಬು ಇಂಥವು ಒಟ್ಟಿಗೆ ಏರಿರೋ ಸ್ಥಿತಿ) ಎರಡೂ ಇದ್ದ 84 ಜನ, ಕೆಲವರಿಗೆ ರೀಶಿ, ಕೆಲವರಿಗೆ ರೀಶಿ ಜೊತೆ ಕಾರ್ಡಿಸೆಪ್ಸ್ ಅನ್ನೋ ಇನ್ನೊಂದು ಶಿಲೀಂಧ್ರ, ಉಳಿದವರಿಗೆ ಬರೀ ಪೊಳ್ಳು ಕ್ಯಾಪ್ಸೂಲು, ಯಾರಿಗೆ ಯಾವುದು ಅಂತ ಯಾರಿಗೂ ಹೇಳಿಲ್ಲ. ದಿನಕ್ಕೆ 3 ಗ್ರಾಂ, 16 ವಾರ. ಎಚ್‌ಬಿಎ1ಸಿಯಲ್ಲಿ ಆಗ್ಲಿ ಖಾಲಿ ಹೊಟ್ಟೆ ಶುಗರ್‌ನಲ್ಲಿ ಆಗ್ಲಿ ವ್ಯತ್ಯಾಸ ಬರಲೇ ಇಲ್ಲ. ಅದಕ್ಕೆ ಮುಂಚೆ 2015ರಲ್ಲಿ ಕಾಕ್ರೇನ್‌ನವರು, ಅಂದ್ರೆ ಟ್ರಯಲ್‌ಗಳನ್ನೆಲ್ಲ ಕಲೆಹಾಕಿ ಜರಡಿ ಹಿಡಿಯೋ ಸಂಸ್ಥೆಯವರು, ಐದು ಟ್ರಯಲ್, 398 ಜನರ ಲೆಕ್ಕ ಒಟ್ಟು ಮಾಡಿ ನೋಡಿದಾಗಲೂ ಟೈಪ್ 2 ಶುಗರ್‌ಗೆ ಇದನ್ನ ಕೊಡೋಕೆ ಆಧಾರ ಇಲ್ಲ ಅಂತಲೇ ಬರೆದ್ರು.

ಕ್ಯಾನ್ಸರ್ ವಿಷಯ ಸ್ವಲ್ಪ ಬೇರೆ, ಅಲ್ಲಿ ನಾನು ಅಣಬೆಯನ್ನ ಪೂರ್ತಿ ತಳ್ಳಿಹಾಕಲ್ಲ. ಜಪಾನಿನಲ್ಲಿ ಟರ್ಕಿ ಟೇಲ್ ಅನ್ನೋ ಬೇರೆ ಅಣಬೆಯಿಂದ ಪಿಎಸ್‌ಕೆ ಅನ್ನೋ ಔಷಧಿ ತೆಗೆದ್ರು, 1970ರ ದಶಕದಲ್ಲೇ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ತು. 1994ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಟ್ರಯಲ್ ನೋಡಿ, ಜಠರದ ಕ್ಯಾನ್ಸರ್ ಆಪರೇಷನ್ ಆದ 262 ಜನ, ಕೀಮೋ ಮಾತ್ರ ತಗೊಂಡವರಲ್ಲಿ ಐದು ವರ್ಷ ಬದುಕಿದವರು ಶೇಕಡ 60, ಕೀಮೋ ಜೊತೆ ಪಿಎಸ್‌ಕೆ ತಗೊಂಡವರಲ್ಲಿ ಶೇಕಡ 73. ಸಣ್ಣ ಮಾತಲ್ಲ ಇದು. ಆದ್ರೆ ಗಮನಿಸಿ, ಆಪರೇಷನ್ ಆಗಿತ್ತು, ಕೀಮೋ ನಡೀತಿತ್ತು, ಅದರ ಜೊತೆಗೆ ಇದು, ಅದೂ ಅಳತೆ ಗೊತ್ತಿರೋ ಶುದ್ಧ ಸಾರ. ಇದೇ ಟ್ರಯಲ್ ಹೆಸರು ಹೇಳಿ ಕೀಮೋ ಬಿಡಿ ಕ್ಯಾಪ್ಸೂಲ್ ತಗೊಳ್ಳಿ ಅನ್ನೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ.

ನೆನಪಿನ ಶಕ್ತಿಗೆ ಅಂತ ಮಾರೋ ಲಯನ್ಸ್ ಮೇನ್ ಅನ್ನೋ ಅಣಬೆದು 2009ರ ಜಪಾನಿನ ಟ್ರಯಲ್, ಬರೀ 30 ಜನ, 16 ವಾರ ಸ್ವಲ್ಪ ಸ್ಕೋರ್ ಏರಿತು, ನಿಲ್ಲಿಸಿ ನಾಲ್ಕು ವಾರಕ್ಕೆ ಮತ್ತೆ ಇಳೀತು. ಕುತೂಹಲ ಇದೆ, ಅಷ್ಟೇ.

ಇನ್ನು ಬಾಟಲಿ ಒಳಗೆ ಏನಿದೆ ಅನ್ನೋದು. ಅಮೆರಿಕದಲ್ಲಿ ಮಾರಾಟಕ್ಕಿದ್ದ 19 ಬ್ಯಾಚ್ ರೀಶಿ ಸಪ್ಲಿಮೆಂಟ್ ತಂದು ಪರೀಕ್ಷೆ ಮಾಡಿದ್ರು, 2017ರಲ್ಲಿ ಪ್ರಕಟ ಆಯ್ತು, ಲೇಬಲ್ಲಿನಲ್ಲಿ ಹೇಳಿದ ಅಣಬೆಗೆ ಸರಿಯಾಗಿ ಹೊಂದಿದ್ದು 5 ಮಾತ್ರ. ಕೆಲವರು ಮಾಡೋದೇನು ಅಂದ್ರೆ ಅಕ್ಕಿನೋ ಓಟ್ಸೋ ಹಾಕಿ ಅದರ ಮೇಲೆ ಅಣಬೆಯ ಬೇರಿನಂಥ ಎಳೆ ಬೆಳೆಸ್ತಾರೆ, ಆಮೇಲೆ ಅಕ್ಕಿ ಸಮೇತ ಪುಡಿ. ಪಾಲಿಸ್ಯಾಕರೈಡ್, ಅಂದ್ರೆ ಸಕ್ಕರೆ ಸರಪಳಿ, ಇಷ್ಟು ಪರ್ಸೆಂಟ್ ಅಂತ ದೊಡ್ಡದಾಗಿ ಬರೆದಿರ್ತಾರೆ, ಅಕ್ಕಿಯ ಪಿಷ್ಟವೂ ಪಾಲಿಸ್ಯಾಕರೈಡೇ! ಯಜಮಾನ್ರ ಎದುರೇ ಒಂದು ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಹಾಕಿ ಗಾಯಕ್ಕೆ ಹಚ್ಚೋ ಅಯೋಡಿನ್ ಎರಡು ಹನಿ ಬಿಟ್ಟೆ, ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಪಿಷ್ಟ ಇದೆ ಅಂತ ಮಾತ್ರ ಇದು ಹೇಳೋದು, ಎಷ್ಟು ಅಂತ ಹೇಳಲ್ಲ, ಆದ್ರೆ ಎರಡೂವರೆ ಸಾವಿರ ಕೊಟ್ಟವರ ಮುಖ ನೋಡ್ಬೇಕಿತ್ತು.

ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಹಾರ್ಟಿಗೆ ವಾಲ್ವ್ ಹಾಕಿಸಿಕೊಂಡೋರು, ಹಲ್ಲು ಕೀಳಿಸೋಕೆ ಆಪರೇಷನ್‌ಗೆ ಅಂತ ಹೊರಟೋರು ಇದನ್ನ ತಗೊಳ್ತಿದ್ರೆ ಡಾಕ್ಟರ್‌ಗೆ ಮೊದ್ಲೇ ಹೇಳಿ, ರಕ್ತ ಹೆಪ್ಪುಗಟ್ಟೋದು ನಿಧಾನ ಆಗಬಹುದು. ರೀಶಿ ಪುಡಿ ತಿಂದು ಲಿವರ್ ಕೆಟ್ಟ ಕೇಸುಗಳೂ ವರದಿ ಆಗಿವೆ, ಅಪರೂಪ, ಆದ್ರೂ ಇವೆ. ಮತ್ತೆ ಬಾಟಲಿ ಹಿಂದೆ ಔಷಧೀಯ ಬಳಕೆಗೆ ಅಲ್ಲ ಅಂತ ಸಣ್ಣಕ್ಷರದಲ್ಲಿ ಬರೆದಿರ್ತಾರೆ ನೋಡಿ, ನಮ್ಮ ಆಹಾರ ಕಾನೂನಿನ ಪ್ರಕಾರ ಬರೀಲೇಬೇಕು. ಶುಗರ್ ವಾಸಿ ಮಾಡ್ತೀವಿ, ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದನ್ನ 1954ರ ಕಾಯ್ದೆಯೇ ನಿಷೇಧ ಮಾಡಿದೆ, ಅದಕ್ಕೇ ಬಾಟಲಿ ಮೇಲೆ ಬರೆಯಲ್ಲ, ಮನೆಗೆ ಬಂದು ಬಾಯಲ್ಲಿ ಹೇಳ್ತಾರೆ.

ಕಿಡ್ನಿ ಭಯಕ್ಕೂ ಉತ್ತರ ಕೊಡ್ಬೇಕಲ್ಲ. ಮೆಟ್‌ಫಾರ್ಮಿನ್ ಕಿಡ್ನಿ ಹಾಳು ಮಾಡಲ್ಲ, ಆಗ್ಲೇ ಸೋತಿರೋ ಕಿಡ್ನಿಗೆ ಅದನ್ನ ಹೊರಹಾಕೋದು ಕಷ್ಟ ಅಂತ ನಾವು ಡೋಸ್ ಇಳಿಸ್ತೀವಿ ಇಲ್ಲ ನಿಲ್ಲಿಸ್ತೀವಿ. ಕಿಡ್ನಿ ತಿನ್ನೋದು 9.4ರಲ್ಲಿ ಓಡೋ ಶುಗರ್ರೇ. ನ್ಯಾಚುರಲ್ ಬೇಕು ಅಂತೀರಾ, ಮೆಟ್‌ಫಾರ್ಮಿನ್ ಹುಟ್ಟಿಗೆ ದಾರಿ ತೋರಿಸಿದ್ದು ಯೂರೋಪಿನ ಗೋಟ್ಸ್ ರೂ ಅನ್ನೋ ಗಿಡದ ಒಂದು ವಸ್ತು. ಅಷ್ಟೇಕೆ, ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆಗಳ ಮೂಲಪುರುಷನನ್ನ ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಕಂಡಿದ್ದು ಬೂಷ್ಟಿನಲ್ಲಿ. ಬೂಷ್ಟು, ಅಣಬೆ ಎಲ್ಲ ಒಂದೇ ಶಿಲೀಂಧ್ರದ ವಂಶ. ಅವು ಔಷಧಿ ಕೊಡಲ್ಲ ಅಂತ ಯಾರು ಹೇಳಿದ್ದು, ಆದ್ರೆ ವಸ್ತು ಬೇರ್ಪಡಿಸಿ, ಅಳೆದು, ಸಾವಿರಾರು ಜನರ ಮೇಲೆ ನೋಡಿದ ಮೇಲೆ ಅದು ಮಾತ್ರೆ ಆಯ್ತು.

ಯಜಮಾನ್ರು ಮೆಟ್‌ಫಾರ್ಮಿನ್ ಮತ್ತೆ ಶುರು ಮಾಡಿದ್ರು, ಮೂರು ತಿಂಗಳಿಗೆ ಬನ್ನಿ ಅಂದೆ. ಬಾಗಿಲ ತನಕ ಹೋದವರು ತಿರುಗಿ ನಿಂತು, ಅಲ್ಲ ಸಾರ್, ತೋಟದಲ್ಲೇ ಎದ್ದಿದೆಯಲ್ಲ, ಅದನ್ನೇ ಒಣಗಿಸಿ ಪುಡಿ ಮಾಡಿದ್ರೆ ಹೆಂಗೆ, ದುಡ್ಡಾದ್ರೂ ಉಳಿಯುತ್ತೆ ಅಂದ್ರು. ಅದನ್ನ ಕಿತ್ತು ಸುಟ್ಟುಹಾಕಿ ಮೊದ್ಲು, ಪಕ್ಕದ ಮರಕ್ಕೆ ಹಬ್ಬೋದ್ರೊಳಗೆ ಸುತ್ತ ಟ್ರೆಂಚ್ ಹೊಡೆಸಿ ಅಂದೆ.