ಬೀಳುವ ಹಲ್ಲು ಎಂಬ ಉಡಾಫೆ

ಮೂರು ವರ್ಷದ ಮಗುವಿನ ದವಡೆ ಹಲ್ಲು ಕಪ್ಪಾಗಿದೆ ಎಂದರೆ ಶಿರಸಿ ಕಡೆಯ ಅಜ್ಜಿ ಹೇಳುವ ಮಾತು, ‘ಹಾಲುಹಲ್ಲು ಅಲ್ದಾ, ಹೆಂಗಿದ್ರೂ ಬಿದ್ದು ಹೋಗ್ತು.’ ಬೀಳುವುದು ನಿಜ. ಆದರೆ ಯಾವಾಗ? ಮುಂದಿನ ಬಾಚಿಹಲ್ಲು 6-7ನೇ ವರ್ಷಕ್ಕೆ ಬಿದ್ದರೆ, ಅಗಿಯುವ ದವಡೆ ಹಲ್ಲು ಬೀಳುವುದು 9ರಿಂದ 12ನೇ ವರ್ಷದ ಹೊತ್ತಿಗೆ. ಅಲ್ಲಿಯವರೆಗೆ ಅನ್ನ ಅಗಿಯಬೇಕಾದದ್ದು ಅದೇ ಹಲ್ಲಿನಿಂದ.

ಹಾಲುಹಲ್ಲಿನ ಎನಾಮಲ್ ಕವಚ ಸುಮಾರು 1 ಮಿಲಿಮೀಟರ್ ದಪ್ಪ, ಶಾಶ್ವತ ಹಲ್ಲಿನದರ ಹೆಚ್ಚುಕಡಿಮೆ ಅರ್ಧ. ನರ, ರಕ್ತನಾಳಗಳಿರುವ ತಿರುಳು ಮಾತ್ರ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಹಾಗಾಗಿ ದೊಡ್ಡವರಲ್ಲಿ ವರ್ಷಗಟ್ಟಲೆ ಹಿಡಿಯುವ ಹುಳುಕು ಮಕ್ಕಳಲ್ಲಿ ಕೆಲವೇ ತಿಂಗಳಲ್ಲಿ ತಿರುಳು ಮುಟ್ಟುತ್ತದೆ. ಸಿಹಿ ಅಥವಾ ತಣ್ಣಗಿನದು ತಾಗಿದಾಗ ಕ್ಷಣ ಜುಂ ಎಂದು ಬಿಟ್ಟರೆ ತಿರುಳು ಇನ್ನೂ ಉಳಿಯುವ ಸ್ಥಿತಿಯಲ್ಲಿದೆ. ಏನೂ ತಿನ್ನದೆ ಮಲಗಿದ ಮಗು ನಡುರಾತ್ರಿ ಎದ್ದು ಅತ್ತರೆ ಕೆಲಸ ಕೆಟ್ಟಿದೆ: ಗಟ್ಟಿ ಗೋಡೆಯೊಳಗಿನ ತಿರುಳಿಗೆ ಊದಿಕೊಳ್ಳಲು ಜಾಗವಿಲ್ಲ, ಮಲಗಿದಾಗ ತಲೆಯ ಕಡೆ ರಕ್ತದೊತ್ತಡ ಏರಿ ಅದು ಮತ್ತಷ್ಟು ಬಿಗಿಯುತ್ತದೆ. ಕೆಲವು ದಿನದಲ್ಲಿ ನೋವು ತಾನಾಗಿ ನಿಂತರೆ ಮನೆಯವರು ವಾಸಿಯಾಯಿತೆಂದು ತಿಳಿಯುತ್ತಾರೆ. ಬಹಳ ಸಲ ಆಗಿರುವುದು ತಿರುಳು ಸತ್ತದ್ದು, ಇಲ್ಲವೇ ವಸಡಿನ ಕೀವುಗುಳ್ಳೆ ಒಡೆದು ಒತ್ತಡ ಇಳಿದದ್ದು. ಆ ಕೀವಿನ ಪಕ್ಕದಲ್ಲೇ, ದವಡೆ ಹಲ್ಲಿನ ಬೇರುಗಳ ನಡುವೆ, ಮುಂದೆ ಬರಬೇಕಾದ ಶಾಶ್ವತ ಹಲ್ಲಿನ ಮೊಳಕೆ ಕೂತಿರುತ್ತದೆ. ಸೋಂಕು ತಾಗಿದರೆ ಅದು ಕಲೆ, ಗುಳಿಗಳನ್ನು ಹೊತ್ತೇ ಹುಟ್ಟುತ್ತದೆ.

ಎರಡು ವರ್ಷದ ಮಗು ‘ಹಲ್ಲು ನೋವು’ ಎಂದು ಹೇಳುವುದಿಲ್ಲ. ಒಂದೇ ಬದಿಯಲ್ಲಿ ಅಗಿಯುತ್ತದೆ, ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂರುತ್ತದೆ, ಗಟ್ಟಿಯಾದದ್ದನ್ನು ಉಗಿಯುತ್ತದೆ, ಬ್ರಷ್ ಕಂಡರೆ ಕಿರುಚುತ್ತದೆ. ಇದನ್ನು ಹಟ ಎಂದು ಗದರುವವರೇ ಹೆಚ್ಚು.

ಇನ್ನು ಹುಳದ ಕತೆ. ಹಲ್ಲಿನೊಳಗೆ ಹುಳ ಕೂತು ಕೊರೆಯುತ್ತದೆ ಎಂಬ ನಂಬಿಕೆ ಬ್ಯಾಬಿಲೋನಿಯದ ಮಣ್ಣಿನ ಹಲಗೆಗಳಷ್ಟು ಹಳತು. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲೇ ತನಗೆ ಅಂಥ ಹುಳ ಕಾಣಲಿಲ್ಲವೆಂದು ಬರೆದ. ಆದರೂ ನೆಲಗುಳ್ಳದ ಬೀಜ ಸುಟ್ಟು ಬಾಯಿಗೆ ಹೊಗೆ ಕೊಟ್ಟು ‘ಹುಳ ತೆಗೆಯುವ’ ಪದ್ಧತಿ ಪೂರ್ತಿ ಹೋಗಿಲ್ಲ. ನೀರಲ್ಲಿ ತೇಲಿಸಿ ತೋರಿಸುವ ಬಿಳಿ ಎಳೆ ಬಿಸಿಗೆ ಸಿಡಿದ ಬೀಜದೊಳಗಿನ ಮೊಳಕೆ, ಅಷ್ಟೇ. ಮಗುವಿಗೆ ಸಿಗುವುದು ಸುಟ್ಟ ತುಟಿ.

ಕೊರೆಯುವುದು ಆಮ್ಲ. ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್ 1890ರಲ್ಲಿ ಇದನ್ನು ವಿವರಿಸಿದ: ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ, ಪಿಷ್ಟಗಳನ್ನು ಹುಳಿ ಮಾಡುತ್ತವೆ, ಆ ಹುಳಿ ಹಲ್ಲಿನ ಖನಿಜವನ್ನು ಕರಗಿಸುತ್ತದೆ. 1940ರ ದಶಕದಲ್ಲಿ ರಾಬರ್ಟ್ ಸ್ಟೆಫಾನ್ ಹಲ್ಲಿನ ಮೇಲಿನ ಲೋಳೆಯ ಪಿಎಚ್, ಅಂದರೆ ಹುಳಿಯ ಮಟ್ಟ, ಅಳೆದು ನೋಡಿದ; ಈ ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಸಕ್ಕರೆ ನೀರು ಮುಕ್ಕಳಿಸಿದ ಕೆಲವೇ ನಿಮಿಷದಲ್ಲಿ ಪಿಎಚ್ ಸರ್ರನೆ ಇಳಿಯುತ್ತದೆ. ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಜೊಲ್ಲು ಆ ಹುಳಿಯನ್ನು ತಗ್ಗಿಸಿ, ಕರಗಿದ ಕ್ಯಾಲ್ಸಿಯಂ, ಫಾಸ್ಫೇಟ್‌ಗಳನ್ನು ಹಲ್ಲಿಗೆ ಮರಳಿ ತುಂಬಲು ಅರ್ಧದಿಂದ ಒಂದು ಗಂಟೆ ಬೇಕು.

ಅಘನಾಶಿನಿ ನದೀಮುಖದ ಗಜನಿ ಗದ್ದೆ ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಭರತಕ್ಕೆ ಉಪ್ಪುನೀರು ನುಗ್ಗುತ್ತದೆ, ಇಳಿತಕ್ಕೆ ಹೊರಟು ಹೋಗುತ್ತದೆ, ಗದ್ದೆ ಸುಧಾರಿಸಿಕೊಳ್ಳುತ್ತದೆ. ಇಳಿತವೇ ಇಲ್ಲದೆ ಭರತದ ಮೇಲೆ ಭರತ ಬಂದರೆ? ಮಗುವಿನ ಬಾಯಲ್ಲಿ ನಡೆಯುವುದು ಅದೇ. ಬೆಳಿಗ್ಗೆ ದೋಸೆ ಜೊತೆ ಜೋನಿಬೆಲ್ಲ ತಿಂದರೆ ಒಂದು ಭರತ. ಊಟದ ಜೊತೆಗೇ ತೊಡದೇವು ಎಂಬ ತೆಳು ಸಿಹಿತಿಂಡಿ ತಿಂದರೂ ಒಂದೇ. ಅದೇ ತೊಡದೇವನ್ನು ಮುರಿದು ಗಂಟೆಗೊಂದು ಚೂರು ಕೊಟ್ಟರೆ, ನಡುವೆ ಚಹಾದಲ್ಲಿ ಅದ್ದಿದ ಬಿಸ್ಕತ್ತು ಕೊಟ್ಟರೆ, ಇಳಿತಕ್ಕೆ ಸಮಯವೆಲ್ಲಿ? ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಬುದ್ಧಿಮಾಂದ್ಯ ರೋಗಿಗಳಿಗೆ ಊಟದ ನಡುನಡುವೆ ಅಂಟುವ ಟಾಫಿ ತಿನ್ನಿಸಿ ಇದನ್ನು ಕಂಡುಕೊಂಡರು. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಕ್ರೂರ ಪ್ರಯೋಗ ಅದು. ಆದರೆ ಪ್ರಮಾಣಕ್ಕಿಂತ ಎಷ್ಟು ಸಲ, ಎಷ್ಟು ಹೊತ್ತು ಎಂಬುದೇ ಮುಖ್ಯ ಎಂದು ತಿಳಿದದ್ದು ಅಲ್ಲಿಂದ. ಬೆಲ್ಲ ‘ನೈಸರ್ಗಿಕ’ ಎಂಬ ವಾದವೂ ಇಲ್ಲಿ ನಡೆಯುವುದಿಲ್ಲ. ಬ್ಯಾಕ್ಟೀರಿಯಾಗಳಿಗೆ ಆಲೆಮನೆಯ ಬೆಲ್ಲವೂ ಒಂದೇ, ಅಂಗಡಿಯ ಸಕ್ಕರೆಯೂ ಒಂದೇ.

ಎಲ್ಲಕ್ಕಿಂತ ಕೆಟ್ಟದ್ದು ಬಾಯಲ್ಲಿ ಬಾಟಲಿ ಇಟ್ಟು ಮಲಗಿಸುವುದು. ನಿದ್ರೆಯಲ್ಲಿ ಜೊಲ್ಲು ಬಹಳ ಕಡಿಮೆ, ಸಕ್ಕರೆ ಹಾಕಿದ ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ನಿಲ್ಲುತ್ತದೆ. ಕೆಳಗಿನ ಮುಂದಿನ ಹಲ್ಲುಗಳಿಗೆ ನಾಲಿಗೆಯ ಮರೆಯೂ ಜೊಲ್ಲಿನ ಆಸರೆಯೂ ಇದೆ. ಮೇಲಿನವು ಹಾಳಾಗಿ ಕೆಳಗಿನವು ಚೆನ್ನಾಗಿದ್ದರೆ ವೈದ್ಯರು ಮೊದಲು ಬಾಟಲಿಯನ್ನೇ ವಿಚಾರಿಸುತ್ತಾರೆ. ರಾತ್ರಿ ಕೊಡುವ ಸಿಹಿ ಕೆಮ್ಮಿನ ಸಿರಪ್ಪಿಗೂ ಇದೇ ಲೆಕ್ಕ. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿದ್ದ ಮಕ್ಕಳಲ್ಲಿ ಎನಾಮಲ್ಲೇ ಪೂರ್ತಿ ಬಲಿಯದಿರುವುದುಂಟು. ಬಡತನ, ದೂರದ ಆಸ್ಪತ್ರೆ, ನೋವು ಬಂದರೆ ಮಾತ್ರ ವೈದ್ಯರೆಂಬ ರೂಢಿ ಇವೆಲ್ಲ ಸೇರಿದಲ್ಲಿ ನೋವು ಹೆಚ್ಚು ಎಂದು ಹಲವು ದೇಶಗಳ ಸಮೀಕ್ಷೆಗಳು ಹೇಳುತ್ತವೆ.

ವಸಡಿನ ಅಂಚಿಗೆ ಸುಣ್ಣ ಬಳಿದಂಥ ಮಾಸಲು ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹಂತ, ಇನ್ನೂ ಹಿಂದಿರುಗಿಸಬಹುದು. ತಿಂಗಳಿಗೊಮ್ಮೆ ಮಗುವಿನ ಮೇಲ್ದುಟಿ ಎತ್ತಿ ಬೆಳಕಲ್ಲಿ ನೋಡಿ. ಮೊದಲ ಹಲ್ಲು ಬಂದಾಗಿನಿಂದ ದಿನಕ್ಕೆರಡು ಸಲ, 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಬೇಕು. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಮಕ್ಕಳದ್ದೆಂದು ಮಾರುವ ಕೆಲವು ಪೇಸ್ಟ್‌ಗಳಲ್ಲಿ ಫ್ಲೋರೈಡೇ ಇರುವುದಿಲ್ಲ, ಹಿಂಬದಿ ಓದಿ ಕೊಳ್ಳಿ. ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನಿಂದ ಉಜ್ಜಿದರೆ ದವಡೆಯ ಮೂಲೆ ಕಾಣುತ್ತದೆ. ಉಜ್ಜಿದ ಮೇಲೆ ಉಗಿಸಿದರೆ ಸಾಕು, ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡ್ ಹೊರಟು ಹೋಗುತ್ತದೆ. ಏಳೆಂಟು ವರ್ಷದವರೆಗೆ ಈ ಕೆಲಸ ದೊಡ್ಡವರದ್ದೇ.

ನೋವು ಬಂದ ರಾತ್ರಿ ಉಗುರುಬೆಚ್ಚಗಿನ ನೀರಿನಿಂದ ಬಾಯಿ ತೊಳೆದು, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ತೆಗೆಯಿರಿ. ಪ್ಯಾರಾಸಿಟಮಾಲ್ ಕೊಡುವುದಾದರೆ ಮಗುವಿನ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಡೋಸಿನ ನಡುವೆ ಕನಿಷ್ಠ 4 ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಲವಂಗದೆಣ್ಣೆ ಎಳೆ ವಸಡನ್ನು ಸುಡುತ್ತದೆ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಕೆನ್ನೆ ಊದಿ ಜ್ವರ ಬಂದರೆ, ಊತ ಕಣ್ಣಿನ ಕಡೆಗೋ ಗಲ್ಲದ ಕೆಳಗೋ ಹರಡಿದರೆ, ನುಂಗಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದು ದೊಡ್ಡ ದವಡೆ ಹಲ್ಲು ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದೇ ಎಣಿಸಿ ಬಿಟ್ಟು ಕಳೆದುಕೊಳ್ಳುವವರು ಬಹಳ. ಅದು ಶಾಶ್ವತ ಹಲ್ಲು. ಪೂರ್ತಿ ಮೇಲೆ ಬಂದ ಕೂಡಲೇ ದಂತವೈದ್ಯರಲ್ಲಿ ಅದರ ಗೀರುಗಳನ್ನು ಸೀಲೆಂಟ್ ಎಂಬ ಲೇಪದಿಂದ ಮುಚ್ಚಿಸಿಬಿಡಬಹುದು. ಕೊರೆಯುವುದಿಲ್ಲ, ಚುಚ್ಚುಮದ್ದಿಲ್ಲ, ಕೆಲವೇ ನಿಮಿಷದ ಕೆಲಸ.