ಸಾಗಿದ್ದು ಫೈಲೋ, ಹೆಸರೋ?

10 ಜಿಬಿಯ ಒಂದು ವಿಡಿಯೊವನ್ನು ಒಂದು ಫೋಲ್ಡರಿನಿಂದ ತೆಗೆದು ಇನ್ನೊಂದಕ್ಕೆ ಹಾಕಿ ನೋಡಿ. ಎರಡೂ ಫೋಲ್ಡರುಗಳು ಒಂದೇ ಡ್ರೈವಿನಲ್ಲಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಅದೇ ವಿಡಿಯೊ ಬೇರೆ ಡ್ರೈವಿಗೆ ಹೋಗಬೇಕೆಂದರೆ, ಸೆಕೆಂಡಿಗೆ 100 ಎಂಬಿ ವೇಗದಲ್ಲೂ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಕಾಯಬೇಕು.

ಮೊದಲ ಸಲ ಡೇಟಾ ಕದಲಲೇ ಇಲ್ಲ ಎಂಬುದೇ ಇದರ ಗುಟ್ಟು. ಫೋಲ್ಡರ್ ಎಂದರೆ ಪೆಟ್ಟಿಗೆಯಲ್ಲ, ಒಂದು ಪಟ್ಟಿ. ಲಿನಕ್ಸ್‌ನಂಥ ಯುನಿಕ್ಸ್ ವಂಶದ ಆಪರೇಟಿಂಗ್ ಸಿಸ್ಟಮುಗಳಲ್ಲಿ ಆ ಪಟ್ಟಿಯ ಒಂದೊಂದು ಸಾಲಿನಲ್ಲೂ ಒಂದು ಹೆಸರು, ಅದರ ಪಕ್ಕದಲ್ಲಿ ಐನೋಡ್ ಎಂಬ ದಾಖಲೆಯ ಸಂಖ್ಯೆ ಇರುತ್ತದೆ. ಡೇಟಾ ಎಲ್ಲಿದೆ ಎಂಬುದು ಐನೋಡಿಗೆ ಗೊತ್ತು. ಒಂದೇ ಡ್ರೈವಿನೊಳಗೆ ಸಾಗಿಸುವಾಗ ಒಂದು ಪಟ್ಟಿಯ ಸಾಲು ಇನ್ನೊಂದು ಪಟ್ಟಿಗೆ ಹೋಗುತ್ತದೆ, ಅಷ್ಟೇ. ಆದರೆ ಐನೋಡ್ ಸಂಖ್ಯೆಗೆ ತನ್ನ ಫೈಲ್ ಸಿಸ್ಟಮಿನಿಂದಾಚೆ (ಅಂದರೆ ಆ ಡ್ರೈವಿನ ಫೈಲುಗಳ ಲೆಕ್ಕವಿಡುವ ಏರ್ಪಾಡಿನಿಂದಾಚೆ) ಬೆಲೆಯಿಲ್ಲ. ಬೇರೆ ಡ್ರೈವಿನಲ್ಲಿ ಅದೇ ಸಂಖ್ಯೆ ಬೇರೆ ಯಾವುದೋ ಫೈಲಿನದ್ದು.

ಹಾಗಾಗಿಯೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಫೈಲಿನ ಹೆಸರನ್ನೋ ಜಾಗವನ್ನೋ ಬದಲಿಸುವ ರಿನೇಮ್ ಆಜ್ಞೆಗೆ ಎರಡು ಡ್ರೈವುಗಳ ವಿಳಾಸ ಕೊಟ್ಟರೆ ಅದು ಕೈಚೆಲ್ಲುತ್ತದೆ. ಲಿನಕ್ಸಿನಲ್ಲಿ 18ನೇ ನಂಬರಿನ ದೋಷ, ವಿಂಡೋಸಿನಲ್ಲಿ 17ನೆಯದು. ಇನ್ನೊಂದು ಭಾಷೆಯಾದ ಜಾವಾದಲ್ಲಿ ಇದೇ ಕೆಲಸದ ಹಳೆಯ ಆಜ್ಞೆ ರಿನೇಮ್‌ಟು, ಕೆಲಸ ಆಗಲಿಲ್ಲವೆಂದರೆ ಬರೀ ‘ಫಾಲ್ಸ್’ (ಇಲ್ಲ) ಎಂದು ಹೇಳಿ ಸುಮ್ಮನಾಗುತ್ತದೆ, ಕಾರಣ ತಿಳಿಸುವುದಿಲ್ಲ. ಆ ಉತ್ತರವನ್ನು ನೋಡದೆ ಮುಂದೆ ಹೋಗುವ ಪ್ರೋಗ್ರಾಮಿಗೆ ಫೈಲ್ ಸಾಗಿಲ್ಲ ಎಂಬುದೇ ತಿಳಿಯದು.

ಪೈಥಾನಿನ ಶಟಿಲ್ ಎಂಬ ಸಿದ್ಧ ಆಜ್ಞೆಗಳ ಸಂಗ್ರಹದಲ್ಲಿರುವ ಮೂವ್ ಇದನ್ನು ನಿಭಾಯಿಸುತ್ತದೆ: ಮೊದಲು ರಿನೇಮ್ ಪ್ರಯತ್ನಿಸುತ್ತದೆ, ಆಗದಿದ್ದರೆ ನಕಲು ಮಾಡಿ ಮೂಲವನ್ನು ಅಳಿಸುತ್ತದೆ. ಅನುಕೂಲವೇನೋ ಹೌದು. ಆದರೆ ಆ ಒಂದು ಸಾಲಿನೊಳಗೆ ಅಳಿಸುವ ಕೆಲಸವೂ ಅಡಗಿದೆ ಎಂಬುದನ್ನು ಮರೆಯಬಾರದು. ಒಂದೇ ಡ್ರೈವಿನೊಳಗಿನ ರಿನೇಮ್ ಆದರೆ ಪೂರ್ತಿ ಆಗುತ್ತದೆ, ಇಲ್ಲವಾದರೆ ಆಗುವುದೇ ಇಲ್ಲ. ನಕಲಿಗೆ ಆ ಖಾತ್ರಿಯಿಲ್ಲ. ನಡುವೆ ವಿದ್ಯುತ್ ಹೋದರೆ ಪೂರ್ಣ ಹೆಸರು ಹೊತ್ತ ಅರ್ಧ ಫೈಲು ಆಚೆ ಉಳಿಯುತ್ತದೆ. ಮರುದಿನ ಅದೇ ಸ್ಕ್ರಿಪ್ಟ್ (ಈ ಕೆಲಸಕ್ಕೆ ಬರೆದ ಪುಟ್ಟ ಪ್ರೋಗ್ರಾಮು) ಓಡಿ, ‘ಈ ಹೆಸರಿನದು ಅಲ್ಲಿ ಆಗಲೇ ಇದೆ’ ಎಂದುಕೊಂಡು ಮೂಲವನ್ನು ಅಳಿಸಿದರೆ? ಹೆಸರನ್ನಷ್ಟೇ ನೋಡುವ ಸ್ಕ್ರಿಪ್ಟುಗಳು ಹೀಗೇ ಮೋಸಹೋಗುತ್ತವೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ‘ಬರೆದಾಯಿತು’ ಎಂದು ಆಪರೇಟಿಂಗ್ ಸಿಸ್ಟಮ್ ಹೇಳುವ ಹೊತ್ತಿಗೆ ಡೇಟಾ ಇನ್ನೂ ಮೆಮೊರಿಯಲ್ಲೇ ಇರಬಹುದು. ಅದನ್ನು ಡ್ರೈವಿಗೆ ತಳ್ಳಿಸುವ ಎಫ್‌ಸಿಂಕ್ ಆಜ್ಞೆಯನ್ನು ಶಟಿಲ್ ತಾನಾಗಿ ಕೊಡುವುದಿಲ್ಲ.

ಆದ್ದರಿಂದ ಬೆಲೆಬಾಳುವ ಫೈಲುಗಳಿಗೆ ನಾನು ಮೂವ್ ಬಳಸುವುದಿಲ್ಲ. ಗುರಿಯ ಡ್ರೈವಿನಲ್ಲಿ ‘.ಪಾರ್ಟ್’ ಎಂಬಂಥ ಬಾಲ ಸೇರಿಸಿದ ತಾತ್ಕಾಲಿಕ ಹೆಸರಿಗೆ ನಕಲು ಮಾಡಿ, ಎಫ್‌ಸಿಂಕ್ ಕೊಟ್ಟು, ಎರಡೂ ಕಡೆಯ ಫೈಲಿಗೆ ಎಸ್‌ಎಚ್‌ಎ-256 (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕುವ, ಬೆರಳಚ್ಚಿನಂಥ ಒಂದು ಗುರುತು) ಲೆಕ್ಕ ಹಾಕಿ ತಾಳೆ ನೋಡುತ್ತೇನೆ. (ಈಗಷ್ಟೇ ಬರೆದ ಫೈಲನ್ನು ಓದಿದರೆ ಉತ್ತರ ಮೆಮೊರಿಯಿಂದಲೇ ಬರಬಹುದು, ಡ್ರೈವನ್ನು ಕಳಚಿ ಮತ್ತೆ ಜೋಡಿಸಿ ಓದಿದರೆ ಇನ್ನೂ ಒಳ್ಳೆಯದು.) ತಾಳೆಯಾದರೆ ಅಲ್ಲೇ ನಿಜವಾದ ಹೆಸರಿಗೆ ರಿನೇಮ್. ಮೂಲವನ್ನು ಅಳಿಸುವುದು ಕಟ್ಟಕಡೆಗೆ.

ಡೇಟಾ ಸರಿಯಾಗಿ ತಲುಪಿದರೂ ಅದರ ಸುತ್ತಲಿನ ವಿವರಗಳು ದಾರಿಯಲ್ಲಿ ಉದುರಬಹುದು. ಪೈಥಾನಿನ ನಕಲು ಆಜ್ಞೆ ಕಾಪಿ2 ಫೈಲನ್ನು ಕೊನೆಯದಾಗಿ ತಿದ್ದಿದ ಸಮಯವನ್ನು ಉಳಿಸುತ್ತದೆ, ಫೈಲಿನ ಒಡೆಯ ಯಾರೆಂಬುದನ್ನು ಉಳಿಸುವುದಿಲ್ಲ. ಗುರಿಯ ಡ್ರೈವಿನಲ್ಲಿರುವುದು ಫ್ಯಾಟ್32 ಎಂಬ ಹಳೆಯ ಫೈಲ್ ಸಿಸ್ಟಮ್ ಆಗಿದ್ದರೆ 4 ಜಿಬಿ ಮುಟ್ಟಿದ ಫೈಲಿಗೆ ಅಲ್ಲಿ ಜಾಗವೇ ಇಲ್ಲ. ಅದು ತಿದ್ದಿದ ಸಮಯವನ್ನು 2 ಸೆಕೆಂಡುಗಳ ಹೆಜ್ಜೆಯಲ್ಲಿ ಬರೆದಿಡುವುದರಿಂದ, ಸಮಯ ನೋಡಿ ಹೋಲಿಸುವ ಬ್ಯಾಕಪ್ ಸ್ಕ್ರಿಪ್ಟಿಗೆ ನಿನ್ನೆ ಕಳಿಸಿದ ಫೈಲು ಇಂದು ಬದಲಾದಂತೆ ಕಾಣುತ್ತದೆ. ಹೋಲಿಕೆಯಲ್ಲಿ ಅಷ್ಟು ಸೆಕೆಂಡುಗಳ ರಿಯಾಯಿತಿ ಕೊಟ್ಟರೆ ಸಾಕು.