ಕಾಣೆಯಾದ ಹಲಗೆ ಏನು ಕೆಲಸ ಮಾಡುತ್ತಿತ್ತು?

ಟ್ರಾವೆಲ್ ಟ್ರೇಲರ್‌ಗಳ, ಅಂದರೆ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಗಳ, ಒಳಗಿನ ಮರಗೆಲಸವೇ ನನ್ನ ವೃತ್ತಿ. ಹಳೆಯ ಟ್ರೇಲರ್ ಕೊಂಡವರು ನನ್ನಲ್ಲಿಗೆ ತರುವ ಮೊದಲ ದೂರು ಹೆಚ್ಚಾಗಿ ಒಂದೇ ಬಗೆಯದು: ಬೆಂಚಿನ ಕೆಳಗೋ ಸಿಂಕಿನ ಪಕ್ಕದಲ್ಲೋ ಮಂಚದ ಬುಡದಲ್ಲೋ ಇರಬೇಕಾಗಿದ್ದ ಒಂದು ಹಲಗೆ ಇಲ್ಲ, ಒಳಗಿನ ತಂತಿ ಕೊಳವೆಗಳೆಲ್ಲ ಕಣ್ಣಿಗೆ ಬೀಳುತ್ತಿವೆ, ಅಳತೆ ತಂದಿದ್ದೇವೆ, ಒಂದು ಪ್ಲೈವುಡ್ ತುಂಡು ಕತ್ತರಿಸಿ ಕೊಡಿ ಎನ್ನುತ್ತಾರೆ. ಅಳತೆಯ ಚೀಟಿಯನ್ನು ಪಕ್ಕಕ್ಕಿಟ್ಟು ನಾನು ಮೊದಲು ಕೇಳುವುದು, ಆ ಹಲಗೆ ಅಲ್ಲಿ ಯಾತಕ್ಕಾಗಿ ಇತ್ತು ಎಂದು. ಈ ಪ್ರಶ್ನೆಗೆ ಉತ್ತರ ಸಿಗದೆ ಗರಗಸ ಕೈಗೆತ್ತಿಕೊಳ್ಳಬಾರದು ಎಂಬುದು ಹಲವು ವರ್ಷಗಳ ಕೆಲಸದಿಂದ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ.

ಮನೆಯ ಕಪಾಟು ಗಟ್ಟಿಯಾದ ಗೋಡೆಗೆ ಒರಗಿ ನಿಲ್ಲುತ್ತದೆ. ಅದರ ಒಂದು ಹಲಗೆ ಹೋದರೆ ನೋಟ ಕೆಡುತ್ತದೆ, ಅಷ್ಟೆ. ಟ್ರೇಲರಿನಲ್ಲಿ ಗೋಡೆಗಳೇ ತೆಳುವಾದವು. ಅಲ್ಲಿ ಕಪಾಟು, ಬೆಂಚು, ಮಂಚದ ಪೆಟ್ಟಿಗೆಗಳು ಗೋಡೆ ಮತ್ತು ನೆಲವನ್ನು ಹಿಡಿದು ಕಟ್ಟುವ ಕೆಲಸವನ್ನೂ ಮಾಡುತ್ತವೆ. ಅದೇ ಪೆಟ್ಟಿಗೆಗಳ ಒಳಗೆ ನೀರಿನ ಪಂಪು, ವಾಟರ್ ಹೀಟರ್, ಕೋಣೆಯನ್ನು ಬೆಚ್ಚಗಿಡುವ ಫರ್ನೇಸ್, ವಿದ್ಯುತ್ ಪರಿವರ್ತಕ, ಚಕ್ರದ ಗುಮ್ಮಟ (ಚಕ್ರದ ಮೇಲೆ ಒಳಕ್ಕೆ ಉಬ್ಬಿದ ಭಾಗ) ಎಲ್ಲವನ್ನೂ ಅಡಗಿಸಿರುತ್ತಾರೆ. ಆದ್ದರಿಂದ ಒಂದು ಹಲಗೆ ಬರಿಯ ಮುಚ್ಚಳವಾಗಿರಬಹುದು, ಚೌಕಟ್ಟಿಗೆ ಬಿಗಿ ಕೊಡುವ ಆಸರೆಯಾಗಿರಬಹುದು, ಗಾಳಿ ಹೋಗಿಬರುವ ದಾರಿಯಾಗಿರಬಹುದು ಅಥವಾ ಉರಿಯ ಹೊಗೆ ಮಲಗುವ ಜಾಗಕ್ಕೆ ಬಾರದಂತೆ ತಡೆಯುವ ಗೋಡೆಯಾಗಿರಬಹುದು.

ಒಮ್ಮೆ ಒಂದು ಕುಟುಂಬದವರು ತಮ್ಮ ಟ್ರೇಲರಿನ ಫರ್ನೇಸ್ ಸರಿಯಾಗಿ ಉರಿಯುವುದಿಲ್ಲವೆಂದು ಬಂದರು. ಅದು ಹೊತ್ತಿಕೊಂಡ ಕೆಲವೇ ನಿಮಿಷಗಳಲ್ಲಿ ಆರುತ್ತಿತ್ತು. ಫ್ಯಾನ್ ಮಾತ್ರ ತಿರುಗುತ್ತಿದ್ದು, ತುಸು ಹೊತ್ತಿನ ಮೇಲೆ ಮತ್ತೆ ಉರಿ ಹತ್ತುತ್ತಿತ್ತು. ಥರ್ಮೋಸ್ಟಾಟ್ ಬದಲಾಯಿಸಿದ್ದರು, ಬ್ಯಾಟರಿಯನ್ನೂ ಬದಲಾಯಿಸಿದ್ದರು. ನಾನು ಬೆಂಚಿನ ಬುಡದ ಹಲಗೆಯ ಮೇಲೆ ಅಂಗೈ ಇಟ್ಟು ನೋಡಿದೆ, ಬೆಚ್ಚಗಿತ್ತು. ಕಾಣೆಯಾಗಿದ್ದ ಹಲಗೆಯ ಜಾಗಕ್ಕೆ ಅವರೇ ಬಹಳ ಅಚ್ಚುಕಟ್ಟಾಗಿ ಒಂದು ಪ್ಲೈವುಡ್ ಕೂರಿಸಿದ್ದರು, ಒಂದು ಕಡೆಯೂ ಸಂದು ಬಿಡದೆ. ಮೂಲ ಹಲಗೆಯಲ್ಲಿ ಜಾಲರಿ ಇದ್ದಿರಬೇಕು, ಏಕೆಂದರೆ ಕೋಣೆಯ ಗಾಳಿ ಫರ್ನೇಸಿಗೆ ಮರಳಬೇಕಾಗಿದ್ದುದು ಅದೇ ದಾರಿಯಿಂದ. ಗಾಳಿ ಸಾಲದೆ ಒಳಗಿನ ಶಾಖ ಮಿತಿ ಮೀರಿದಾಗಲೆಲ್ಲ ಸುರಕ್ಷತಾ ಸ್ವಿಚ್ಚು ಉರಿಯನ್ನು ಕಡಿಯುತ್ತಿತ್ತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಹಲಗೆಯಲ್ಲಿ ಕಿಂಡಿ ಕೊರೆದು ಜಾಲರಿ ಹಾಕಿದ ಮೇಲೆ ಆ ತೊಂದರೆ ಮರುಕಳಿಸಲಿಲ್ಲ. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು: ಗಾಳಿಗೆ ಎಷ್ಟು ಜಾಗ ಬೇಕೆಂದು ಫರ್ನೇಸಿನ ಕೈಪಿಡಿಯಲ್ಲಿ ಹೇಳಿರುತ್ತದೆ, ಆದರೆ ಅಲ್ಲಿ ಹೇಳಿರುವುದು ಅಡೆತಡೆಯಿಲ್ಲದ ತೆರವಿನ ಲೆಕ್ಕ. ಜಾಲರಿಯ ಪಟ್ಟಿಗಳೇ ಸಾಕಷ್ಟು ಜಾಗ ತಿನ್ನುವುದರಿಂದ, ಅದರ ಹೊರ ಅಳತೆಯನ್ನು ಲೆಕ್ಕಕ್ಕೆ ಹಿಡಿದರೆ ಮತ್ತೆ ಅದೇ ತೊಂದರೆ.

ಫ್ರಿಜ್ಜಿನ ಸುತ್ತಲಿನ ಹಲಗೆಯದು ಇದಕ್ಕೆ ತದ್ವಿರುದ್ಧ ಸ್ವಭಾವ. ಪ್ರೊಪೇನ್ ಅನಿಲದಿಂದ ನಡೆಯುವ ಅಬ್ಸಾರ್ಪ್ಶನ್ ಫ್ರಿಜ್ಜಿನ ಹಿಂಭಾಗದಲ್ಲಿ ಜ್ವಾಲೆ ಉರಿಯುತ್ತದೆ. ಅದಕ್ಕೆ ಗಾಳಿ ಹೊರಗಿನಿಂದಲೇ ಬಂದು ಹೊರಕ್ಕೇ ಹೋಗಬೇಕು, ವಾಸದ ಜಾಗಕ್ಕೂ ಅದಕ್ಕೂ ಸಂಪರ್ಕವೇ ಇರಬಾರದು. ಅಲ್ಲಿ ಒಂದು ಹಲಗೆ ಕಾಣೆಯಾಗಿದ್ದರೆ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಒಳಗೆ ನುಸುಳಲು ದಾರಿಯಾದಂತೆ. ಇಂಥ ಹಲಗೆಯನ್ನು ಹೊಸದಾಗಿ ಕೂರಿಸುವಾಗ ಅಂಚುಗಳನ್ನು ಸೀಲಂಟಿನಿಂದ ಬಿಗಿಯಾಗಿ ಮುಚ್ಚಬೇಕು, ಮತ್ತು ಅದನ್ನು ಕೂರಿಸುವವರೆಗೆ ಫ್ರಿಜ್ಜನ್ನು ಅನಿಲದ ಮೇಲೆ ನಡೆಸಬಾರದು. ವಿದ್ಯುತ್ ಪರಿವರ್ತಕಕ್ಕೆ ತಂಪಾಗಲು ಗಾಳಿ ಬೇಕು. ಪಂಪಿನ ಮುಂದಿನ ಹಲಗೆ ಆಗಾಗ ತೆಗೆಯುವಂತಿರಬೇಕು. ಪ್ರೊಪೇನ್ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದದ್ದು, ಸೋರಿದರೆ ನೆಲಕ್ಕೇ ಇಳಿಯುತ್ತದೆ. ಸೋರಿಕೆಯನ್ನು ಪತ್ತೆಹಚ್ಚುವ ಸೂಚಕವನ್ನು ನೆಲದ ಹತ್ತಿರದ ಹಲಗೆಗಳ ಮೇಲೆ ಕೂರಿಸುವುದು ಈ ಕಾರಣಕ್ಕೇ. ಕಾಣೆಯಾದ ಹಲಗೆಯ ಜೊತೆಗೆ ಆ ಸೂಚಕವೂ ಕಾಣೆಯಾಗಿದೆಯೇ ಎಂದು ತಪ್ಪದೆ ನೋಡಿ.

ಇನ್ನು ಆಸರೆಯ ಮಾತು. ತೆರೆದ ಚೌಕಟ್ಟಿನ ಮೇಲ್ಮೂಲೆಯನ್ನು ಹಿಡಿದು ಪಕ್ಕಕ್ಕೆ ಮೆಲ್ಲಗೆ ತಳ್ಳಿರಿ. ಅದು ಅಲುಗಿದರೆ, ಕೀಲುಗಳು ಕಿರುಗುಟ್ಟಿದರೆ, ಅಲ್ಲಿದ್ದ ಹಲಗೆ ಚೌಕಟ್ಟನ್ನು ಮೂಲೆಮಟ್ಟದಲ್ಲಿ ಹಿಡಿದಿಟ್ಟಿತ್ತು ಎಂದು ತಿಳಿಯಬೇಕು. ಅಂಥ ಕಡೆ ಆಯಸ್ಕಾಂತಕ್ಕೆ ಅಂಟಿಕೊಳ್ಳುವ ಸಡಿಲ ಮುಚ್ಚಳ ಸಾಲದು. ಸುತ್ತಲೂ ಅಂಟು ಮತ್ತು ಸ್ಕ್ರೂ ಹಾಕಿ ಬಿಗಿಯಬೇಕು. ಮಕ್ಕಳು ಮಲಗುವ ಮಂಚದ ಬುಡದಲ್ಲಿ ಈ ಪರೀಕ್ಷೆಯನ್ನು ಮಾಡದೆ ನಾನು ಮುಂದಕ್ಕೆ ಹೋಗುವುದೇ ಇಲ್ಲ.

ಹಲಗೆ ಏಕೆ ಕಾಣೆಯಾಯಿತು ಎಂಬುದಕ್ಕೂ ಜಾಗವೇ ಸಾಕ್ಷಿ ಹೇಳುತ್ತದೆ. ಟಾರ್ಚ್ ಹಿಡಿದು ಚೌಕಟ್ಟಿನ ಅಂಚನ್ನು ನೋಡಿ: ಹಲಗೆ ಕೂತಿದ್ದ ಕಡೆ ಬಣ್ಣ ಮಾಸದೆ ಉಳಿದ ಗೆರೆ ಇರುತ್ತದೆ, ಕಾರ್ಖಾನೆಯಲ್ಲಿ ಹೊಡೆದ ಸ್ಟೇಪಲ್‌ಗಳ ಮುರಿದ ಕಾಲುಗಳಿರುತ್ತವೆ. ಆ ಕಾಲುಗಳು ಹೊಳೆಯುತ್ತಿದ್ದರೆ ಯಾರೋ ರಿಪೇರಿಗೆಂದು ತೆಗೆದವರು ಮರಳಿ ಹಾಕಲಿಲ್ಲ ಎಂದರ್ಥ. ತುಕ್ಕು ಹಿಡಿದು ಸುತ್ತಲಿನ ಮರ ಕಪ್ಪಾಗಿದ್ದರೆ ಅಲ್ಲಿ ನೀರು ನಿಂತಿತ್ತು, ಹಲಗೆ ಉಬ್ಬಿ ಕಿತ್ತುಬಂದಿರಬೇಕು. ಒಂದು ಚೂಪಾದ ದಬ್ಬಳದಿಂದ ಮರವನ್ನು ಚುಚ್ಚಿ ನೋಡಿ; ಸಲೀಸಾಗಿ ಇಳಿದರೆ ಮರ ಲಡ್ಡಾಗಿದೆ. ತೇವಮಾಪಕ ಇದ್ದರೆ ಇನ್ನೂ ಒಳ್ಳೆಯದು: ಮರದ ತೇವಾಂಶ ಶೇ. 20ನ್ನು ದಾಟಿದ್ದರೆ ಕೊಳೆಯುವ ಶಿಲೀಂಧ್ರಕ್ಕೆ ಅನುಕೂಲವಾಗುತ್ತಾ ಹೋಗುತ್ತದೆ. ಸೋರಿಕೆಯ ಮೂಲವನ್ನು ಹುಡುಕದೆ ಅದರ ಮೇಲೆ ಹೊಸ ಹಲಗೆ ಹೊಡೆಯುವುದೆಂದರೆ ಹುಣ್ಣಿನ ಮೇಲೆ ಬಟ್ಟೆ ಮುಚ್ಚಿದಂತೆ. ಎಷ್ಟು ಕೇಳಿಕೊಂಡರೂ ಆ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಅಳತೆಗೆ ಬರೋಣ. ಟ್ರೇಲರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕು ಮೂಲೆಯ ಆಸರೆ ಜಾಕುಗಳನ್ನು ನೆಲಕ್ಕೆ ಒತ್ತುವಷ್ಟು ಮಾತ್ರ ಇಳಿಸಬೇಕು. ಅವುಗಳಿಂದ ಟ್ರೇಲರನ್ನು ಎತ್ತಲು ಹೋದರೆ ತಳದ ಚೌಕಟ್ಟು ತಿರುಚಿಕೊಂಡು, ಇಂದು ತೆಗೆದ ಅಳತೆ ನಾಳೆ ಹೊಂದುವುದಿಲ್ಲ. ಟೇಪಿನಿಂದ ಅಗಲ, ಎತ್ತರ ತೆಗೆದರೆ ಸಾಲದು. ಎರಡೂ ಕರ್ಣಗಳನ್ನು ಅಳೆಯಿರಿ. ಅವೆರಡೂ ಸಮನಾಗಿರುವ ತೆರವನ್ನು ನಾನು ಹಳೆಯ ಟ್ರೇಲರುಗಳಲ್ಲಿ ಕಂಡದ್ದು ಅಪರೂಪ. ಆದ್ದರಿಂದ ನಾನು ನಂಬುವುದು ರಟ್ಟಿನ ಮಾದರಿಯನ್ನು.

ಅದನ್ನು ಮಾಡುವ ಕ್ರಮ ಹೀಗೆ. ತೆರವಿಗಿಂತ ನಾಲ್ಕೂ ಕಡೆ ಸುಮಾರು 25 ಮಿ.ಮೀ. ಚಿಕ್ಕದಾಗಿ ಒಂದು ರಟ್ಟನ್ನು ಕತ್ತರಿಸಿ, ತೆರವಿನ ನಡುವೆ ಟೇಪಿನಿಂದ ನಿಲ್ಲಿಸಬೇಕು. ಆಮೇಲೆ ನೇರ ಅಂಚಿನ ಸಣ್ಣ ರಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಚೌಕಟ್ಟಿನ ಅಂಚಿಗೆ ತಾಗಿಸಿ, ನಡುವಿನ ರಟ್ಟಿಗೆ ಅಂಟಿಸುತ್ತಾ ಬರಬೇಕು. ಚಕ್ರದ ಗುಮ್ಮಟದಂಥ ಬಾಗಿದ ಕಡೆ ಕೈವಾರವನ್ನು ಹಿಡಿದು, ಅದರ ಮುಳ್ಳು ಬಾಗಿದ ಮೈಯನ್ನು ಸವರುತ್ತಾ ಹೋದಂತೆ ಪೆನ್ಸಿಲ್ ರಟ್ಟಿನ ಮೇಲೆ ಅದೇ ಬಾಗನ್ನು ಎಳೆಯುವಂತೆ ಮಾಡಬೇಕು. ಅಂಟು ಆರಿದ ಮೇಲೆ ಮಾದರಿಯನ್ನು ಹೊರತೆಗೆದರೆ ತೆರವಿನ ಎಲ್ಲ ಸೊಟ್ಟಗಳೂ ಅದರಲ್ಲಿ ಮೂಡಿರುತ್ತವೆ. ತೆಗೆಯುವ ಮೊದಲೇ ಅದರ ಮೇಲೆ ‘ಮುಂಭಾಗ’, ‘ಮೇಲೆ’ ಎಂದು ಬರೆದುಬಿಡಿ. ಕೈಯಲ್ಲಿ ಹಿಡಿದು ಬಳಸುವ ವೃತ್ತಾಕಾರದ ಗರಗಸದ ಹಲ್ಲು ಕೆಳಗಿನಿಂದ ಮೇಲಕ್ಕೆ ಕಡಿಯುವುದರಿಂದ ಮೇಲಿನ ಪದರ ಚಕ್ಕೆ ಏಳುತ್ತದೆ, ಹಾಗಾಗಿ ಚೆಂದದ ಮುಖವನ್ನು ಕೆಳಗೆ ಮಾಡಿ ಹಿಂಬದಿಯ ಮೇಲೆ ಗುರುತು ಹಾಕುತ್ತೇವೆ. ಆಗ ಮಾದರಿಯನ್ನೂ ಮಗುಚಿ ಇಡಬೇಕು. ಅದನ್ನು ಮರೆತರೆ ಕನ್ನಡಿಯಲ್ಲಿ ಕಂಡಂಥ ತಿರುಗುಮುರುಗಿನ ಹಲಗೆ ಕೈಗೆ ಬರುತ್ತದೆ.

ಯಾವ ಹಲಗೆ ಬಳಸಬೇಕು? ಬಹಳಷ್ಟು ಟ್ರೇಲರುಗಳಲ್ಲಿ ಮೂಲತಃ ಇರುವುದು ಲುವಾನ್ ಎಂಬ ಹಗುರ ಮರದ ತೆಳು ಪ್ಲೈವುಡ್, ಅದರ ಮೇಲೆ ಮರದ ಎಳೆಯನ್ನು ಮುದ್ರಿಸಿದ ಕಾಗದ ಅಥವಾ ವಿನೈಲ್ ಹಾಳೆ. ಅದರ ದಪ್ಪ 3 ಮಿ.ಮೀ. ಸುತ್ತಮುತ್ತ ಇರುತ್ತದೆ. ಚೌಕಟ್ಟಿನಲ್ಲಿ ಹಲಗೆ ಕೂರುವ ತೋಡು ಇದ್ದರೆ, ಅದರ ಅಗಲವನ್ನು ಕ್ಯಾಲಿಪರಿನಿಂದ ಅಳೆದೇ ಹಲಗೆ ತರಬೇಕು. ಕಾಲು ಇಂಚು ಎಂದು ಮಾರುವ ಪ್ಲೈವುಡ್ ಅಳೆದರೆ 5.2 ಮಿ.ಮೀ. ಮಾತ್ರ ಇರುವುದುಂಟು. ಗಟ್ಟಿಯಾಗಿರಲಿ ಎಂದು ದಪ್ಪ ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಹಾಕುವವರನ್ನು ನಾನು ತಡೆಯುತ್ತೇನೆ. 600 ಮಿ.ಮೀ. ಅಗಲ, 900 ಮಿ.ಮೀ. ಎತ್ತರದ ಒಂದು ಹಲಗೆ 3.6 ಮಿ.ಮೀ. ಲುವಾನಿನಲ್ಲಿ ಸುಮಾರು 1 ಕೆ.ಜಿ. ತೂಗಿದರೆ, 12 ಮಿ.ಮೀ. ಎಂಡಿಎಫ್‌ನಲ್ಲಿ 5 ಕೆ.ಜಿ.ಯ ಹತ್ತಿರ ಬರುತ್ತದೆ. ತೂಕವನ್ನು ಎಳೆಯುವ ವಾಹನದ ಲೆಕ್ಕವಷ್ಟೇ ಎಂದು ಭಾವಿಸಬಾರದು. ರಸ್ತೆಯ ಪ್ರತಿಯೊಂದು ಕುಲುಕಾಟದಲ್ಲೂ ಆ 5 ಕೆ.ಜಿ.ಯ ಜಗ್ಗನ್ನು ಹಿಡಿಯುವುದು ತೆಳುವಾದ ಚೌಕಟ್ಟಿಗೆ ಕಚ್ಚಿದ ನಾಲ್ಕಾರು ಸ್ಕ್ರೂಗಳು. ಮೇಲಾಗಿ ಎಂಡಿಎಫ್ ನೀರು ಕುಡಿದರೆ ಉಬ್ಬಿ ನಿಲ್ಲುತ್ತದೆ, ಒಣಗಿದರೂ ಮೊದಲಿನಂತಾಗುವುದಿಲ್ಲ.

ಹಲಗೆಯ ಅಂಟಿನ ಬಗ್ಗೆಯೂ ಎಚ್ಚರ ಬೇಕು. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ತರುವಾಯ ಸಂತ್ರಸ್ತರಿಗೆ ಕೊಟ್ಟ ಟ್ರೇಲರುಗಳಲ್ಲಿ ಕಣ್ಣುರಿ, ಉಸಿರಾಟದ ತೊಂದರೆಗಳ ದೂರು ಬಂದಾಗ, ಅಲ್ಲಿನ ರೋಗ ನಿಯಂತ್ರಣ ಕೇಂದ್ರದವರು 2007ರ ಡಿಸೆಂಬರ್ ಮತ್ತು 2008ರ ಜನವರಿಯಲ್ಲಿ 519 ಟ್ರೇಲರು ಹಾಗೂ ಸಂಚಾರಿ ಮನೆಗಳ ಗಾಳಿಯನ್ನು ಪರೀಕ್ಷಿಸಿದರು. ಫಾರ್ಮಾಲ್ಡಿಹೈಡ್ ಸರಾಸರಿ ನೂರು ಕೋಟಿಗೆ 77 ಭಾಗದಷ್ಟು, ಸಾಮಾನ್ಯ ಮನೆಗಳಿಗಿಂತ ಬಹಳ ಹೆಚ್ಚು, ಇತ್ತು. ಆ ಅನಿಲ ಹೊಮ್ಮುವ ಮುಖ್ಯ ಮೂಲಗಳಲ್ಲಿ ಪ್ಲೈವುಡ್, ಪಾರ್ಟಿಕಲ್ ಬೋರ್ಡುಗಳ ಅಂಟೂ ಒಂದು. ಈಗ ಅಲ್ಲಿ ಗಟ್ಟಿಮರದ ಪ್ಲೈವುಡ್ಡಿಗೆ ಹತ್ತು ಲಕ್ಷಕ್ಕೆ 0.05 ಭಾಗದ ಮಿತಿ ಇದೆ. ಹಲಗೆಯ ಮೇಲೆ ಕಡಿಮೆ ಹೊಮ್ಮುವಿಕೆಯ ಗುರುತಿದೆಯೇ ಎಂದು ನೋಡಿಯೇ ಕೊಳ್ಳಿ. ಕಿಟಕಿ ಮುಚ್ಚಿ ಮಲಗುವ ಅಷ್ಟು ಚಿಕ್ಕ ಕೋಣೆಯಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ. ಹಿಂಬದಿಗೂ ಕತ್ತರಿಸಿದ ಅಂಚುಗಳಿಗೂ ಸೀಲರ್ ಬಳಿದರೆ ಹೊಮ್ಮುವುದೂ ಕಡಿಮೆಯಾಗುತ್ತದೆ, ತೇವವೂ ಇಳಿಯುವುದಿಲ್ಲ. ಒಂದೇ ಮುಖಕ್ಕೆ ಬಣ್ಣ ಬಳಿದ ತೆಳು ಹಲಗೆ ಬಾಗಿಕೊಳ್ಳುತ್ತದೆ ಎಂಬುದು ಎರಡೂ ಕಡೆ ಬಳಿಯಲು ಇನ್ನೊಂದು ಕಾರಣ.

ಮುದ್ರಿತ ಹಾಳೆಯ ಬಣ್ಣಕ್ಕೆ ಜೋಡಿ ಹುಡುಕುವುದರಲ್ಲಿ ಜನ ಬಹಳ ದಿನ ಕಳೆಯುತ್ತಾರೆ. ಹಳೆಯ ನಮೂನೆ ಅಂಗಡಿಯಲ್ಲಿ ಸಿಗುವುದು ಕಷ್ಟ, ಸಿಕ್ಕರೂ ಬಿಸಿಲಿಗೆ ಮಾಸಿದ ಬಣ್ಣದ ಪಕ್ಕದಲ್ಲಿ ಹೊಸದು ಎದ್ದು ಕಾಣುತ್ತದೆ. ನಾನು ಮಾಡುವುದು ಅದಲುಬದಲು: ಮಂಚದ ಪೆಟ್ಟಿಗೆಯ ಒಳಗೋ ಕಪಾಟಿನ ಹಿಂಗೋಡೆಯಲ್ಲೋ ಅದೇ ಹಾಳೆಯ ಹಲಗೆ ಇದ್ದೇ ಇರುತ್ತದೆ. ಅದು ಆಸರೆಯ ಹಲಗೆ ಅಲ್ಲವೆಂದು ಖಚಿತಪಡಿಸಿಕೊಂಡು ಜೋಪಾನವಾಗಿ ಬಿಡಿಸಿ, ಕಾಣುವ ಜಾಗಕ್ಕೆ ತಂದು, ಕಾಣದ ಜಾಗಕ್ಕೆ ಹೊಸ ಪ್ಲೈವುಡ್ ಹಾಕುತ್ತೇನೆ. ಬಣ್ಣ ಬಳಿಯುವುದೇ ಆದರೆ ವಿನೈಲಿನ ಹೊಳಪನ್ನು ನಯವಾದ ಸ್ಯಾಂಡ್‌ಪೇಪರಿನಿಂದ ತುಸು ಮಂಕುಗೊಳಿಸಿ, ಹಿಡಿದುಕೊಳ್ಳುವ ಪ್ರೈಮರ್ ಬಳಿಯಬೇಕು. ಬಹಳ ಉಜ್ಜಿದರೆ ಮುದ್ರಿತ ಪದರವೇ ಹರಿದುಹೋಗುತ್ತದೆ.

ಹಲಗೆಯನ್ನು ಕತ್ತರಿಸುವ ಮೊದಲು ಗೆರೆಯ ಉದ್ದಕ್ಕೂ ಹರಿತವಾದ ಚಾಕುವಿನಿಂದ ಗೀರಿದರೆ ಪದರ ಕೀಳುವುದಿಲ್ಲ. ಸುತ್ತಲೂ ಒಂದೂವರೆ ಮಿ.ಮೀ.ಯಷ್ಟು ಸಂದು ಬಿಡಿ. ಬಿಗಿಯಾಗಿ ತುರುಕಿದ ಹಲಗೆ ತೇವದ ದಿನಗಳಲ್ಲಿ ಉಬ್ಬಿ ಬಾಗುತ್ತದೆ. ತೆರವಿನ ಒಳಬದಿಗೆ ಮರದ ಪಟ್ಟಿಗಳನ್ನು ಕೂರಿಸಿ, ಹಲಗೆಯನ್ನು ಅವುಗಳ ಮೇಲೆ ಬಿಗಿಯುವುದು ನನ್ನ ರೂಢಿ. ಸ್ಕ್ರೂವಿನ ತಲೆ ಅಗಲವಾಗಿರಲಿ, ತಲೆಯ ಅಡಿ ಓರೆಯಾಗಿ ಚೂಪಾಗುತ್ತಾ ಇಳಿಯುವ ಸ್ಕ್ರೂ ತೆಳು ಪ್ಲೈವುಡ್ಡನ್ನು ಸೀಳಿಕೊಂಡು ಒಳಗೆ ಹೋಗುತ್ತದೆ. ಉದ್ದದ ವಿಷಯದಲ್ಲಿ ಮಾತ್ರ ಅಂದಾಜು ಬೇಡ: ಹಲಗೆ ಮತ್ತು ಪಟ್ಟಿಯ ದಪ್ಪವನ್ನು ಕೂಡಿ, ಅದಕ್ಕಿಂತ 3 ಮಿ.ಮೀ. ಕಡಿಮೆ ಉದ್ದದ ಸ್ಕ್ರೂ ಆರಿಸಿ. ಹಿಂದೆ ನೀರಿನ ಕೊಳವೆ ಇರಬಹುದು, ವಿದ್ಯುತ್ ತಂತಿ ಇರಬಹುದು, ಅನಿಲದ ತಾಮ್ರದ ಕೊಳವೆ ಇರಬಹುದು, ಟ್ರೇಲರಿನ ಹೊರಮೈಯೇ ಇರಬಹುದು. ಕೊರೆಯುವ ಹೊತ್ತಿನಲ್ಲಿ ಹೊರಗಿನ ವಿದ್ಯುತ್ ಸಂಪರ್ಕವನ್ನೂ ಬ್ಯಾಟರಿಯನ್ನೂ ಬಿಡಿಸಿ, ಅನಿಲದ ಸಿಲಿಂಡರನ್ನು ಮುಚ್ಚಿರಬೇಕು.

ಆಗಾಗ ತೆಗೆಯಬೇಕಾದ ಹಲಗೆಗೆ ಬರೀ ಆಯಸ್ಕಾಂತವನ್ನು ನಾನು ನಂಬುವುದಿಲ್ಲ. ಕೆಳ ಅಂಚು ಒಂದು ಪಟ್ಟಿಯ ಹಿಂದಕ್ಕೆ ಇಳಿದು ಕೂರುವಂತೆ ಮಾಡಿ, ಮೇಲೆ ಎರಡು ತಿರುಗಿಸುವ ಚಿಲಕ ಹಾಕಿದರೆ ಎಂಥ ರಸ್ತೆಯಲ್ಲೂ ಬೀಳುವುದಿಲ್ಲ. ಅಂಚಿನ ಹಿಂದೆ ತೆಳು ಫೋಮ್ ಟೇಪ್ ಅಂಟಿಸಿದರೆ ಗಡಗಡ ಸದ್ದೂ ಅಡಗುತ್ತದೆ. ಕೂರಿಸುವ ಮೊದಲು ಹಲಗೆಯ ಹಿಂಬದಿಯಲ್ಲಿ ಅದರ ಹಿಂದೆ ಏನೇನಿದೆ, ಕೊಳವೆ ಯಾವ ಎತ್ತರದಲ್ಲಿ ಹಾದಿದೆ ಎಂದು ಪೆನ್ಸಿಲಿನಿಂದ ಬರೆದಿಡಿ. ಮುಂದೆ ಬಿಚ್ಚುವವರಿಗೆ ನೀವು ಪಟ್ಟ ಹುಡುಕಾಟ ಇರುವುದಿಲ್ಲ.

ಮೊದಲ ಪ್ರಯಾಣ ಮುಗಿದ ಮೇಲೆ ಟಾರ್ಚ್ ಹಿಡಿದು ಇನ್ನೊಮ್ಮೆ ಕೂತು ನೋಡಿ. ಸ್ಕ್ರೂಗಳನ್ನು ಕೈಯಿಂದಲೇ ಕಾಲು ಸುತ್ತು ಬಿಗಿದು ನೋಡಿ, ಯಂತ್ರ ಬೇಡ. ಕೆಳ ಅಂಚಿನ ಬಳಿ ನೆಲದ ಮೇಲೆ ಸಣ್ಣ ಮರದ ಹುಡಿ ಬಿದ್ದಿದ್ದರೆ ಹಲಗೆ ಎಲ್ಲೋ ಚೌಕಟ್ಟಿಗೆ ಉಜ್ಜುತ್ತಿದೆ. ಹುಡಿ ಬಿದ್ದ ನೇರಕ್ಕೆ ಅಂಚನ್ನು ಹುಡುಕಿ, ಹೊಳಪಾದ ಆ ಜಾಗವನ್ನಷ್ಟೇ ಸ್ಯಾಂಡ್‌ಪೇಪರಿನಿಂದ ತೀಡಿ, ಬರಿದಾದ ಮರಕ್ಕೆ ಮತ್ತೆ ಸೀಲರ್ ಸವರಿ ಕೂರಿಸಿ.